ಚೋಕ್ ತೆಗೆದರೆ ಎಂಜಿನ್ ನಿಲ್ಲುತ್ತದೆ. ಕಾರ್ಬ್ಯುರೇಟರ್ ತೊಳೆದರೂ ಅದೇ ಕಥೆ

ಪ್ರಶ್ನೆ: ಎರಡು ಸಿಲಿಂಡರಿನ ಹಳೆಯ ಬೈಕ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕೂಡ ಎರಡು. ಬಹಳ ಕಾಲ ಓಡಿಸದೆ ನಿಂತಿತ್ತು. ಚೋಕ್ (ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಏರಿಸುವ ಸಾಧನ) ಹಾಕಿದರೆ ಸ್ಟಾರ್ಟ್ ಆಗುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ. ಆಕ್ಸಿಲರೇಟರ್ ಪೂರ್ತಿ ಕೊಟ್ಟರೆ ಮಾತ್ರ ಸಲೀಸಾಗಿ ಓಡುತ್ತದೆ. ತಳದ ಬೌಲ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆ. ಮಿಶ್ರಣದ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯತ್ಯಾಸವಿಲ್ಲ. ಈ ಕೆಲಸಕ್ಕೆ ನಾನು ಹೊಸಬ.

ಉತ್ತರ: ಆ ಸ್ಕ್ರೂಗೆ ಎಂಜಿನ್ ಓಗೊಡುತ್ತಿಲ್ಲ ಎಂದಿರಲ್ಲ, ಸುಳಿವು ಅಲ್ಲೇ ಇದೆ. ಪೈಲಟ್ ಜೆಟ್ ಕಟ್ಟಿಕೊಂಡಿದೆ. ಜೆಟ್ ಅಂದರೆ ಪೆಟ್ರೋಲ್ ಅಳತೆಯಾಗಿ ಹಾಯುವ ಸಣ್ಣ ರಂಧ್ರದ ಬಿಡಿಭಾಗ. ಪೂರ್ತಿ ಆಕ್ಸಿಲರೇಟರಿನಲ್ಲಿ ಪೆಟ್ರೋಲ್ ಬರುವುದು ಮೇನ್ ಜೆಟ್‌ನಿಂದ, ಅದು ಸರಿಯಾಗಿದೆ. ಐಡ್ಲಿಂಗ್‌ಗೆ (ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುತ್ತಿರಲು) ಬೇಕಾದದ್ದು ಪೈಲಟ್ ಜೆಟ್. ಅದರ ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ಸಣ್ಣದು. ನಿಂತ ಪೆಟ್ರೋಲ್ ಆರಿ ಜಿಗುಟಾದಾಗ ಮೊದಲು ಮುಚ್ಚುವುದು ಅದೇ. ಹೊರಗಿನಿಂದ ತೊಳೆದರೆ ಸಾಲದು, ಜೆಟ್ ಬಿಚ್ಚಲೇಬೇಕು.

ಜೆಟ್ ಹಿತ್ತಾಳೆಯದು, ಮೆದು. ಅಳತೆಗೆ ಸರಿಹೊಂದದ ಸ್ಕ್ರೂಡ್ರೈವರ್ ಹಾಕಿದರೆ ತಲೆಯ ಸೀಳು ಸವೆದು ಜೆಟ್ ಅಲ್ಲೇ ಕೂರುತ್ತದೆ. ಬಿಚ್ಚಿ ಬೆಳಕಿಗೆ ಹಿಡಿಯಿರಿ: ನಡುವೆ ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆಯನ್ನು ಮೆಲ್ಲಗೆ ತೂರಿಸಿ. ಉಕ್ಕಿನ ತಂತಿ ಬೇಡ, ರಂಧ್ರ ದೊಡ್ಡದಾದರೆ ಹೊಸ ಜೆಟ್ಟೇ ಗತಿ.

ಮಿಶ್ರಣದ ಸ್ಕ್ರೂ ತೆಗೆಯುವ ಮೊದಲು ಅದನ್ನು ಒಳಗೆ ತಿರುಗಿಸಿ, ತಳಕ್ಕೆ ತಾಗುವವರೆಗಿನ ಸುತ್ತುಗಳನ್ನು ಎಣಿಸಿ ಬರೆದಿಡಿ. ಬಿಗಿದರೆ ಮೊನೆ ಹಾಳು. ಆಮೇಲೆ ಎಲ್ಲ ದಾರಿಗಳಿಗೂ ಕ್ಲೀನರ್ ಸಿಂಪಡಿಸಿ ಗಾಳಿ ಊದಿ. ಕಣ್ಣಿಗೆ ಕನ್ನಡಕ ಇರಲಿ. ಕ್ಲೀನರ್ ಯಾವ ರಂಧ್ರದಿಂದ ಹೊರಗೆ ಚಿಮ್ಮುತ್ತದೋ ಹೇಳಲಾಗದು. ರಬ್ಬರ್ ಡಯಾಫ್ರಮ್ (ತೆಳು ಪೊರೆ) ಇದ್ದರೆ ಮೊದಲೇ ತೆಗೆದಿಡಿ, ಕ್ಲೀನರ್ ತಾಗಿದರೆ ಉಬ್ಬುತ್ತದೆ.

ಪ್ರಶ್ನೆ: ಜೆಟ್ ಎರಡರಲ್ಲೂ ಬೆಳಕು ಕಾಣುತ್ತಿದೆ, ಚೋಕ್ ಇಲ್ಲದೆ ಎಂಜಿನ್ ನಿಲ್ಲುತ್ತಿದ್ದ ಕಾಟ ತಪ್ಪಿತು. ಆದರೆ ಐಡ್ಲಿಂಗ್ ಏರುಪೇರಾಗುತ್ತಿದೆ. ಮಿಶ್ರಣದ ಸ್ಕ್ರೂ ಯಾವ ಕಡೆಗೆ ತಿರುಗಿಸಲಿ?

ಉತ್ತರ: ಸ್ಕ್ರೂ ಎಲ್ಲಿದೆ ನೋಡಿ. ಏರ್ ಫಿಲ್ಟರ್ ಕಡೆ ಇದ್ದರೆ ಸಾಮಾನ್ಯವಾಗಿ ಅದು ಗಾಳಿಯ ಸ್ಕ್ರೂ, ಹೊರಕ್ಕೆ ತಿರುಗಿಸಿದರೆ ಪೆಟ್ರೋಲಿನ ಪಾಲು ಇಳಿಯುತ್ತದೆ. ಎಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಹೊರಕ್ಕೆ ತಿರುಗಿಸಿದರೆ ಪಾಲು ಏರುತ್ತದೆ. ಬರೆದಿಟ್ಟ ಲೆಕ್ಕದಿಂದ ಶುರುಮಾಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಸುತ್ತಿನಂತೆ ತಿರುಗಿಸಿ ಕಿವಿಗೊಡಿ. ವೇಗ ಅತಿ ಹೆಚ್ಚಾದ ಜಾಗದಲ್ಲಿ ನಿಲ್ಲಿಸಿ, ಐಡ್ಲಿಂಗ್ ವೇಗಕ್ಕೆಂದೇ ಇರುವ ಬೇರೆ ಸ್ಕ್ರೂನಿಂದ ವೇಗ ಇಳಿಸಿ.

ಆದರೂ ಏರುಪೇರು ನಿಲ್ಲದಿದ್ದರೆ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೊಳವೆಯಲ್ಲಿ ಬಿರುಕು ಹುಡುಕಿ. ಅದೂ ಸರಿಯಿದ್ದರೆ ಎರಡು ಕಾರ್ಬ್ಯುರೇಟರ್‌ಗಳನ್ನು ವ್ಯಾಕ್ಯೂಮ್ ಗೇಜಿನಿಂದ (ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ಸಾಧನ) ಸಮ ಮಾಡುವ ಕೆಲಸವೇ ಬಾಕಿ.