ಸಹಾಯ ಬೇಕು: ಗುಂಪು ಚಟುವಟಿಕೆಗೆ ಅಂಕ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೀದರಿನ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನೋಟ್ಸ್ ಬರೆಸುವುದನ್ನು ಕಡಿಮೆ ಮಾಡಿ, ಬಹಮನಿ ಪಾಠವನ್ನು ವಿದ್ಯಾರ್ಥಿಗಳಿಂದಲೇ ಕಟ್ಟಿಸುವ ಆಸೆ. ಊರಿನಲ್ಲೇ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ ಇದೆ; ಉಳಿದಿರುವ ಒಂದೇ ಮಿನಾರಿನ ಬಣ್ಣದ ಹೆಂಚು ನೋಡಿ, ಪರ್ಷಿಯಾದ ಈ ಶೈಲಿ ಇಲ್ಲಿಗೆ ಹೇಗೆ ಬಂತೆಂದು ಅವರೇ ಕೇಳಬೇಕು, ಅವರೇ ಹುಡುಕಬೇಕು.

ತೊಡಕೆಂದರೆ, ಗುಂಪಿನಲ್ಲಿ ಒಬ್ಬಿಬ್ಬರು ದುಡಿಯುತ್ತಾರೆ, ಉಳಿದವರು ಹೆಸರು ಸೇರಿಸುತ್ತಾರೆ. "ಸರ್, ಇದು ಪರೀಕ್ಷೆಗೆ ಬರುತ್ತದೆಯೇ?" ಎಂಬ ಪ್ರಶ್ನೆಯಂತೂ ತಪ್ಪುವುದಿಲ್ಲ (ಅದು ನ್ಯಾಯವಾದ ಪ್ರಶ್ನೆಯೇ). ಆಂತರಿಕ ಮೌಲ್ಯಮಾಪನದಲ್ಲಿ ಪ್ರತಿಯೊಬ್ಬರ ಪಾಲನ್ನು ಅಳೆಯುವ ಕನ್ನಡದ ನಮೂನೆ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಸಂಜೆ ಹಳ್ಳಿಯ ಬಸ್ ಹಿಡಿಯುವವರೇ ಹೆಚ್ಚು. ತರಗತಿಯ ಅವಧಿಯೊಳಗೆ ಮುಗಿಯುವಂಥದ್ದಾದರೆ ಒಳ್ಳೆಯದು.