ಸೈಕಲ್‌ನ ಹಿಂದಿನ ಗಾಲಿಯ ಸ್ಪೋಕ್ ಒಂದಾದ ಮೇಲೊಂದು ಮುರಿಯುತ್ತಿದೆ, ಟೂರ್ ಮಧ್ಯದಲ್ಲಿದ್ದೇನೆ

ನಾಲೆದಾರಿ:
ತಲೆ ಕೆಟ್ಟು ಹೋಗಿದೆ. ಕಾಲುವೆ ಏರಿ ಹಿಡಿದು ಹೊರಟಿದ್ದೇನೆ, ಟೆಂಟ್, ಸ್ಟವ್ ಎಲ್ಲಾ ಹೇರಿಕೊಂಡು. ದಾರಿ ಪೂರ್ತಿ ಸಪಾಟು. ಏರು ಅಂದರೆ ಲಾಕ್ (ದೋಣಿ ಏರಿಳಿಸುವ ನೀರಿನ ಗೇಟ್) ಪಕ್ಕದ ಮೋಟು ದಿಣ್ಣೆ, ಕಮಾನು ಸೇತುವೆ, ಅಷ್ಟೇ. ಆದರೂ ಇದ್ದಕ್ಕಿದ್ದಂತೆ ಹಿಂದಿನಿಂದ ಟಣ್ ಅನ್ನುತ್ತದೆ. ಇಳಿದು ನೋಡಿದರೆ ಸ್ಪೋಕ್ ಹೋಗಿದೆ. ಹೊಸದು ಹಾಕಿ, ಬೆಂಡ್ ತೆಗೆದು ಹೊರಟರೆ ಅದರ ಹತ್ತಿರದ್ದೇ ಇನ್ನೊಂದು ಹೋಗುತ್ತದೆ. ಗಾಲಿ ಹಳೇದೇನಲ್ಲ, ಒಳ್ಳೆಯದೇ. ಟೈರ್ ಸರಿ ಇದೆ, ಗಾಳಿ ಸರಿ ಇದೆ. ಏನು ಕಾರಣ ಇರಬಹುದು? ದಯವಿಟ್ಟು ಲಗೇಜ್ ಕಡಿಮೆ ಮಾಡಿ ಅಂತ ಮಾತ್ರ ಹೇಳಬೇಡಿ.

ಹಗುರಸವಾರಿ:
ಲಗೇಜ್ ಕಡಿಮೆ ಮಾಡಿ. ಬೇಡ ಅಂದರೂ ಹೇಳಲೇಬೇಕು. ಲಗೇಜ್ ಇಲ್ಲದಿದ್ದರೂ ಮೈಭಾರದ ಹೆಚ್ಚು ಪಾಲು ಹಿಂದಿನ ಗಾಲಿಯ ಮೇಲೇ ಬೀಳುತ್ತದೆ. ಅದರ ಮೇಲೆ ಎರಡು ದೊಡ್ಡ ಪ್ಯಾನಿಯರ್ (ಕ್ಯಾರಿಯರ್ ಪಕ್ಕದ ಚೀಲ) ನೇತುಹಾಕಿದರೆ ಗಾಲಿ ಏನು ಮಾಡಬೇಕು ಪಾಪ. ನನ್ನದು ಟೆಂಟ್ ಸೇರಿ ಎಲ್ಲಾ 9 ಕೆ.ಜಿ. ಒಳಗೆ. ಫ್ರೇಮ್ ಬ್ಯಾಗ್, ಸೀಟ್ ಬ್ಯಾಗ್, ಮುಗಿಯಿತು. ಕ್ಯಾರಿಯರ್ ಅನ್ನೋದೇ ಇಲ್ಲ.

ಗಾಲಿಗುರು:
ಇದು ಭಾರದ ವಿಷಯ ಅಲ್ಲ, ಟೆನ್ಷನ್ ವಿಷಯ, ಅಂದರೆ ಸ್ಪೋಕ್ ಕಡ್ಡಿಯ ಬಿಗಿ. ನೂರಕ್ಕೆ ನೂರು. ಸ್ಪೋಕ್ ಭಾರಕ್ಕೆ ಮುರಿಯುವುದಿಲ್ಲ, ದಣಿದು ಮುರಿಯುತ್ತದೆ. ಗಾಲಿ ಉರುಳುವಾಗ ನೆಲದ ಕಡೆ ಬಂದ ಸ್ಪೋಕ್ ಸಡಿಲವಾಗುತ್ತದೆ, ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. ಟೂರಿಂಗ್ ಟೈರ್ ಒಂದು ಸುತ್ತಿಗೆ 2.17 ಮೀಟರ್ ಅಂತ ಇಟ್ಟುಕೊಳ್ಳಿ. 100 ಕಿ.ಮೀ.ಗೆ ಸುಮಾರು 46,000 ಸುತ್ತು. ಅಷ್ಟು ಸಲ ಅದೇ ಜಾಗದಲ್ಲಿ ಬಿಗಿ, ಸಡಿಲ, ಬಿಗಿ, ಸಡಿಲ. ಟೆನ್ಷನ್ ಕಡಿಮೆ ಇದ್ದರೆ ಕಡ್ಡಿ ಪ್ರತಿ ಸುತ್ತಿಗೂ ಪೂರ್ತಿ ಸಡಿಲಾಗಿ ಬುಡದಲ್ಲಿ ಅಲುಗಾಡುತ್ತದೆ. ಕಾರ್ಖಾನೆಯಲ್ಲಿ ಮೆಷಿನ್ ಕಟ್ಟಿದ ಗಾಲಿಗಳ ಕಥೆಯೇ ಇಷ್ಟು. ಮೀಟರ್ ಹಾಕಿ ಅಳೆಯಿರಿ. ಬಲಗಡೆ 100ರಿಂದ 120 ಕೆ.ಜಿ. ಇರಬೇಕು. ರಿಮ್ ಕಂಪನಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ನಾಲೆದಾರಿ:
ಕಾಲುವೆ ಮೇಲೆ ಟೆನ್ಷನ್ ಮೀಟರ್ ಎಲ್ಲಿಂದ ತರಲಿ? ಬೆರಳಲ್ಲಿ ಮೀಟಿ ನೋಡಿದೆ. ಬಲಗಡೆ ಎಲ್ಲಾ ಒಂದೇ ಶ್ರುತಿ. ಎಡಗಡೆ ಸ್ವಲ್ಪ ಮೆತ್ತಗೆ.

ಗಾಲಿಗುರು:
ಅದೇ ನಾನು ಹೇಳಿದ್ದು. ಎಡಗಡೆ ಮೆತ್ತಗಿದೆ.

ಉಕ್ಕಿನಕುದುರೆ:
ಎಡಗಡೆ ಮೆತ್ತಗೆ ಇರಲೇಬೇಕು ಸ್ವಾಮಿ. ಹಿಂದಿನ ಗಾಲಿಯ ಬಲಗಡೆ ಕ್ಯಾಸೆಟ್‌ಗೆ (ಗೇರಿನ ಹಲ್ಲುಚಕ್ರಗಳ ಗೊಂಚಲು) ಜಾಗ ಬೇಕು ಅಂತ ಫ್ಲೇಂಜ್, ಅಂದರೆ ಗಾಲಿಯ ನಡುವಿನ ಹಬ್‌ನಲ್ಲಿ ಕಡ್ಡಿ ಸಿಕ್ಕಿಸುವ ಅಂಚು, ಒಳಗೆ ಸರಿದಿರುತ್ತದೆ. ರಿಮ್ ನಡುವೆ ನಿಲ್ಲಬೇಕಾದರೆ ಬಲಗಡೆ ಜಾಸ್ತಿ ಎಳೆಯಬೇಕು. ಅದು ರೋಗ ಅಲ್ಲ.

ಅದಿರಲಿ, ಎಷ್ಟು ತೂತಿನ, ಅಂದರೆ ಎಷ್ಟು ಕಡ್ಡಿಯ ಗಾಲಿ? 32 ಇದ್ದರೆ ಇಷ್ಟು ಹೇರಿಕೊಂಡು ಹೋಗೋದೇ ತಪ್ಪು. ನನ್ನದು 36, ಸ್ಟೀಲ್ ಫ್ರೇಮ್, ನಡುವೆ ತೆಳುವಾದ 2.0-1.8 ಮಿ.ಮೀ. ಕಡ್ಡಿಗಳು. ಫ್ರಾನ್ಸ್‌ನ ಕನಾಲ್ ದ್ಯು ಮಿಡಿ ಗೊತ್ತಲ್ವಾ? 1681ರಲ್ಲಿ ತೆರೆದ ಕಾಲುವೆ, ಸುಮಾರು 240 ಕಿ.ಮೀ. ಟೂಲೂಸ್‌ನಿಂದ ಮೊದಲಿಗೆ ಟಾರ್ ಹಾಕಿದ ದಾರಿ, ಮಜವಾಗಿರುತ್ತದೆ. ಆಮೇಲೆ ಶುರುವಾಗುತ್ತದೆ ನೋಡಿ, ದಂಡೆಯ ಸಾಲು ಮರಗಳ ಬೇರು. ನೆಲದಿಂದ ಎದ್ದು ಒಂದರ ಹಿಂದೆ ಒಂದು ಬರುತ್ತವೆ. ನಾಲ್ಕು ಪ್ಯಾನಿಯರ್ ಹಾಕಿಕೊಂಡು ಅದನ್ನು ಪೂರ್ತಿ ಹೊಡೆದೆ. ಒಂದು ಕಡ್ಡಿಯೂ ಮಿಸುಕಲಿಲ್ಲ.

ಹಗುರಸವಾರಿ:
ನಾಲ್ಕು ಪ್ಯಾನಿಯರ್! ಮನೆಯನ್ನೇ ಹೊತ್ತುಕೊಂಡು ಹೋಗಿದ್ದಿರಿ ಅನ್ನಿ.

ಉಕ್ಕಿನಕುದುರೆ:
ರಾತ್ರಿ ಮಳೆ ಬಂದಾಗ ಒಣಗಿದ ಬಟ್ಟೆ ಇತ್ತು ನನ್ನ ಹತ್ತಿರ. ನಿಮ್ಮ ಸೀಟ್ ಬ್ಯಾಗ್ ಬೇರಿನ ಮೇಲೆ ನಾಯಿ ಬಾಲದ ಹಾಗೆ ಅಲ್ಲಾಡುತ್ತಿರುತ್ತದೆ, ಅದನ್ನು ಮೊದಲು ಕಟ್ಟಿಕೊಳ್ಳಿ.

ಹಗುರಸವಾರಿ:
ಕಿರಿದಾದ ಗೇಟ್‌ನಲ್ಲಿ ನಾನು ಇಳಿಯದೇ ಪಾರಾಗುತ್ತೇನೆ. ನೀವು ನಾಲ್ಕೂ ಚೀಲ ಬಿಚ್ಚಿ, ಸೈಕಲ್ ಎತ್ತಿ ಆಚೆ ಇಟ್ಟು, ಮತ್ತೆ ನಾಲ್ಕೂ ಹಾಕಿ. ಕಾಲುವೆ ದಾರಿಯಲ್ಲಿ ಇಂಥ ಗೇಟ್‌ಗಳಿಗೆ ಕೊನೆಯೇ ಇಲ್ಲ, ಗೊತ್ತಲ್ಲ.

ಮಣ್ಣುದಾರಿ:
ಪ್ಯಾನಿಯರ್ ಜಗಳ ಬೇರೆ ಕಡೆ ಆಡಿ. ನಾಲೆದಾರಿ, ನೀವು ಇನ್ನೂ ಮುಖ್ಯವಾದದ್ದೇ ಹೇಳಿಲ್ಲ. ಮುರಿದದ್ದು ಎಡಗಡೆಯೋ ಬಲಗಡೆಯೋ? ರಿಮ್ ಕಡೆಯ ನಿಪ್ಪಲ್ (ಕಡ್ಡಿ ಬಿಗಿಸುವ ನಟ್) ಹತ್ತಿರವೋ, ನಡುವೆಯೋ, ಹಬ್ ಹತ್ತಿರದ ಬಾಗಿನಲ್ಲೋ? ಕಡ್ಡಿ ಫ್ಲೇಂಜ್‌ನ ಹೊರಮೈಯಲ್ಲಿ ಹೋಗುವಂಥದ್ದೋ, ಒಳಮೈಯಲ್ಲಿ ಹೋಗುವಂಥದ್ದೋ? ಮುರಿದ ತುಂಡು ಇಟ್ಟುಕೊಂಡಿದ್ದರೆ ಹತ್ತಿರದಿಂದ ನೋಡಿ ಹೇಳಿ.

ನಾಲೆದಾರಿ:
ಬಲಗಡೆ. ಅದನ್ನು ಹೇಳಬೇಕಾ? ಬಲಗಡೆಯದ್ದೇ ಅಲ್ವಾ ಯಾವಾಗಲೂ ತಲೆನೋವು. ಪ್ರತಿ ಸಲ ಕ್ಯಾಸೆಟ್ ಬಿಚ್ಚಿಯೇ ಹಾಕುತ್ತಿದ್ದೇನೆ, ಪುಣ್ಯಕ್ಕೆ ಸಣ್ಣ ಟೂಲ್ ಚೀಲದಲ್ಲಿದೆ. 32 ತೂತು, ಡಿಸ್ಕ್ ಬ್ರೇಕ್. ಎಲ್ಲಾ ಹಬ್ ಹತ್ತಿರವೇ ಮುರಿದಿವೆ. ಎಲ್ಲವೂ ಹೊರಮೈಯಲ್ಲಿ ಹೋಗುವ ಕಡ್ಡಿಗಳೇ. ತುಂಡು ಇದೆ.

ಗಾಲಿಗುರು:
ಹಬ್ ಹತ್ತಿರ ಮುರಿದಿದೆ. ಅಂದರೆ ದಣಿವು. ಅಂದರೆ ಟೆನ್ಷನ್. ಇನ್ನೇನು ಬೇಕು?

ಮಣ್ಣುದಾರಿ:
ದಣಿವು ಸರಿ. ಆದರೆ ಬರೀ ಹೊರಮೈಯವೇ ಯಾಕೆ ಮುರಿಯಬೇಕು? ಬಲಗಡೆ ಒಳಮೈ, ಹೊರಮೈ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬಿಗಿ. ಟೆನ್ಷನ್ ಕಾರಣವಾಗಿದ್ದರೆ ಒಳಮೈಯದ್ದೂ ಒಂದಾದರೂ ಹೋಗಬೇಕಿತ್ತು. ಇನ್ನೂ ಜಾಸ್ತಿ ಸಡಿಲ ಇರುವ ಎಡಗಡೆಯದ್ದೇ ಮೊದಲು ಹೋಗಬೇಕಿತ್ತು.

ನಾಲೆದಾರಿ, ಮುರಿದ ಬಾಯನ್ನು ಬಿಸಿಲಿಗೆ ಹಿಡಿದು ನೋಡಿ. ದಣಿದು ಮುರಿದದ್ದಾದರೆ ಒಂದು ಪಕ್ಕ ನುಣ್ಣಗೆ, ಮಂಕಾಗಿರುತ್ತದೆ. ಬಿರುಕು ಮೊದಲು ಬಂದದ್ದು ಅಲ್ಲಿಂದ. ಉಳಿದ ಭಾಗ ತರಿತರಿಯಾಗಿ ಹೊಳೆಯುತ್ತದೆ, ಅದು ಕೊನೆಗೆ ಟಣ್ ಅಂದ ಜಾಗ. ನುಣ್ಣಗಿರುವ ಪಕ್ಕ ಕ್ಯಾಸೆಟ್ ಕಡೆಗಿದೆಯಾ? ಆಮೇಲೆ ಇನ್ನೂ ಮುರಿಯದ ಹೊರಮೈ ಕಡ್ಡಿಗಳ ಬುಡದಲ್ಲಿ ಕ್ಯಾಸೆಟ್ ಕಡೆಯಿಂದ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಹೇಳಿ. ಚೈನ್ ಯಾವಾಗಲಾದರೂ ದೊಡ್ಡ ಕಾಗ್ (ಕ್ಯಾಸೆಟ್‌ನ ಹಲ್ಲುಚಕ್ರ) ದಾಟಿ ಸ್ಪೋಕ್ ಕಡೆ ಬಿದ್ದಿತ್ತಾ?

ನಾಲೆದಾರಿ:
ಚೈನ್ ಒಮ್ಮೆ ಬಿದ್ದಿತ್ತು, ಆದರೆ ಅದು ಬೇರೆ ವಿಷಯ, ಟೂರ್ ಶುರುವಿನಲ್ಲೇ ಆದದ್ದು. ಲಾಕ್ ಪಕ್ಕದ ದಿಣ್ಣೆ ಹತ್ತುವಾಗ ಕೊನೆ ಗೇರಿಗೆ ಹಾಕಿದೆ, ಚೈನ್ ಒಳಗೆ ಹೋಗಿ ಕಚ್ಚಿಕೊಂಡಿತು. ಎಳೆದು ತೆಗೆದೆ, ಕೈ ಕಪ್ಪಾಯಿತು, ಮುಗಿಯಿತು. ಆಮೇಲೆ ಸುಮಾರು ದೂರ ಏನೂ ತೊಂದರೆ ಇಲ್ಲದೆ ಓಡಿದೆ. ಆವತ್ತೇ ಮುರಿಯಬೇಕಿತ್ತಲ್ಲ?

ಉಗುರು ಎಳೆದೆ. ಹೌದು, ಕೆಲವು ಕಡ್ಡಿಗಳಲ್ಲಿ ಗೀರು ಸಿಗುತ್ತಿದೆ. ಮುರಿದ ತುಂಡುಗಳಲ್ಲೂ ಇದೆ. ನುಣ್ಣಗಿರೋದು ಅದೇ ಪಕ್ಕ.

ಮಣ್ಣುದಾರಿ:
ಸಿಕ್ಕಿತು. ಗೀರು ಬಿದ್ದ ದಿನವೇ ಮುರಿಯಬೇಕು ಅಂತೇನಿಲ್ಲ. ಗೀರಿನ ಮೂಲೆಯಿಂದ ಬಿರುಕು ಶುರುವಾಗಿ ಗಾಲಿಗುರು ಹೇಳಿದ ಸುತ್ತುಗಳಲ್ಲಿ ಮೆಲ್ಲಗೆ ಬೆಳೆಯುತ್ತದೆ. ಹೆಚ್ಚು ಆಳ ಇದ್ದದ್ದು ಮೊದಲು ಹೋಯಿತು, ಕಡಿಮೆ ಇದ್ದದ್ದು ಆಮೇಲೆ. ಒಂದನ್ನು ಬದಲಿಸಿದರೆ ಪಕ್ಕದ್ದು ಹೋಗುತ್ತಿರುವುದು ಅದಕ್ಕೇ.

ಇನ್ನೊಂದು ಪ್ರಶ್ನೆ. ಚೈನ್ ಸುಮ್ನೆ ಒಳಗೆ ಬೀಳುವುದಿಲ್ಲ. ಅದಕ್ಕೂ ಮೊದಲು ಸೈಕಲ್ ಬಲಕ್ಕೆ ಬಿದ್ದಿತ್ತಾ?

ನಾಲೆದಾರಿ:
ಲಗೇಜ್ ಹಾಕಿದ ಸೈಕಲ್ ಬೀಳದೇ ಇರುತ್ತದಾ? ಸೇತುವೆ ಕಟ್ಟೆಗೆ ಒರಗಿಸಿದ್ದೆ, ಮುಂದಿನ ಗಾಲಿ ತಿರುಗಿ ಜಾರಿ ಬಿತ್ತು. ಬಲಕ್ಕೇ. ಚೀಲ ಮೇಲಿತ್ತಲ್ಲ, ಏನೂ ಆಗಲಿಲ್ಲ.

ಮಣ್ಣುದಾರಿ:
ಡಿರೈಲರ್ (ಗೇರ್ ಬದಲಿಸುವ ಭಾಗ) ನೇತಾಡುವ ಹ್ಯಾಂಗರ್ ಒಳಕ್ಕೆ ಬಾಗಿದೆ. ಹಿಂದೆ ನಿಂತು ನೋಡಿ, ಡಿರೈಲರ್‌ನ ಪುಟ್ಟ ಜಾಕಿ ವೀಲ್ ಎರಡೂ ಕಾಗ್‌ನ ನೇರಕ್ಕೆ ಇವೆಯಾ ಅಥವಾ ಕೆಳಗಿನದ್ದು ಸ್ಪೋಕ್ ಕಡೆ ವಾಲಿದೆಯಾ? ಅದನ್ನು ಸರಿ ಮಾಡುವವರೆಗೆ ದೊಡ್ಡ ಕಾಗ್ ಮುಟ್ಟಲೇಬೇಡಿ. ಡಿರೈಲರ್‌ನ ಎಲ್ ಸ್ಕ್ರೂ ಒಂಚೂರು ಒಳಗೆ ತಿರುಗಿಸಿ ಆ ಗೇರಿಗೆ ಚೈನ್ ಹೋಗದ ಹಾಗೆ ಮಾಡಿಬಿಡಿ. ದಿಣ್ಣೆ ಬಂದರೆ ಇಳಿದು ತಳ್ಳಿ. ಮತ್ತೊಮ್ಮೆ ಚೈನ್ ಒಳಗೆ ಹೋದರೆ ಹೊಸ ಕಡ್ಡಿಗೂ ಅದೇ ಗತಿ. ಡಿರೈಲರೇ ಸ್ಪೋಕ್‌ಗೆ ಸಿಕ್ಕಿಕೊಂಡರೆ ಟೂರ್ ಅಲ್ಲಿಗೇ ಮುಗಿಯಿತು.

ತಟ್ಟೆಪ್ರಿಯ:
ಇದಕ್ಕೇ ಅಲ್ವಾ ಕ್ಯಾಸೆಟ್ ಹಿಂದೆ ಪ್ಲಾಸ್ಟಿಕ್ ತಟ್ಟೆ ಕೊಡೋದು? ಚೈನ್ ದಾಟಿದರೂ ಸ್ಪೋಕ್ ಮುಟ್ಟುವುದಿಲ್ಲ. ಎಲ್ಲರೂ ಚೆನ್ನಾಗಿ ಕಾಣಲ್ಲ ಅಂತ ಮೊದಲ ದಿನವೇ ಕಿತ್ತು ಬಿಸಾಡುತ್ತಾರೆ.

ಹಗುರಸವಾರಿ:
ಹ್ಯಾಂಗರ್ ನೇರ, ಸ್ಕ್ರೂ ಸರಿ ಇದ್ದರೆ ತಟ್ಟೆ ಯಾಕೆ? ಬಿಸಿಲಿಗೆ ಒಡೆದು ಕಟಕಟ ಅನ್ನುತ್ತದೆ ಅಷ್ಟೇ.

ತಟ್ಟೆಪ್ರಿಯ:
ಹ್ಯಾಂಗರ್ ನೇರ ಇದ್ದರೆ. ಆ 'ಇದ್ದರೆ' ಮೇಲೆಯೇ ಈ ಇಡೀ ಚರ್ಚೆ ನಡೆಯುತ್ತಿದೆ ಮಾರಾಯ್ರೇ.

ಉಕ್ಕಿನಕುದುರೆ:
ಸ್ಟೀಲ್ ಫ್ರೇಮ್ ಆಗಿದ್ದರೆ ಹ್ಯಾಂಗರ್ ಹೆಚ್ಚಾಗಿ ಫ್ರೇಮ್‌ನದ್ದೇ ಭಾಗ, ಬಾಗಿದರೂ ಹಿಡಿದು ನೇರ ಮಾಡಬಹುದು. ಅಲ್ಯೂಮಿನಿಯಂ ಹ್ಯಾಂಗರ್ ಫ್ರೇಮ್ ಉಳಿಯಲಿ ಅಂತ ಬೇಕಂತಲೇ ಮೆತ್ತಗೆ ಮಾಡಿರುತ್ತಾರೆ. ಒಮ್ಮೆ ನೇರ ಮಾಡಬಹುದು, ಪದೇ ಪದೇ ಮಾಡಿದರೆ ಮುರಿಯುತ್ತದೆ. ನೇರ ಇದೆಯಾ ಅಂತ ನೋಡಲು ಒಂದು ಉಪಾಯ ಇದೆ. ಹಳೇ ಮಾದರಿ ಹ್ಯಾಂಗರ್‌ನ ತೂತು 10 ಮಿ.ಮೀ., ಪಿಚ್ (ತಿರುಪಿನ ಎಳೆಗಳ ಅಂತರ) 1 ಮಿ.ಮೀ. ತಿರುಪು ಇರುವ ಹಿಂದಿನ ಆಕ್ಸಲ್‌ಗಳೂ ಹೆಚ್ಚಾಗಿ ಅದೇ ಅಳತೆ. ಯಾರದ್ದಾದರೂ ಹಳೇ ಸೈಕಲ್‌ನ ಹಿಂದಿನ ಗಾಲಿ ಸಿಕ್ಕರೆ ಡಿರೈಲರ್ ಬಿಚ್ಚಿ, ಆ ಆಕ್ಸಲನ್ನು ಹ್ಯಾಂಗರ್‌ಗೆ ತಿರುಪಿ. ಎರಡು ಗಾಲಿಯೂ ಸುತ್ತಲೂ ಒಂದೇ ಅಂತರದಲ್ಲಿ ನಿಂತರೆ ಹ್ಯಾಂಗರ್ ನೇರ. ಇಲ್ಲದಿದ್ದರೆ ಆ ಗಾಲಿಯನ್ನೇ ಹಿಡಿಯಾಗಿ ಹಿಡಿದು ಮೆಲ್ಲಗೆ ಒತ್ತಿ. ಅಮೆರಿಕದ ಸಿ ಅಂಡ್ ಓ ಕಾಲುವೆ ದಾರಿ, ಪೊಟೊಮ್ಯಾಕ್ ನದಿ ಪಕ್ಕದ್ದು, 297 ಕಿ.ಮೀ., ಮಳೆ ಬಿದ್ದರೆ ಬರೀ ಕೆಸರು, ಅಲ್ಲಿ ಒಬ್ಬರಿಗೆ ಹೀಗೇ ಮಾಡಿಕೊಟ್ಟಿದ್ದೆ.

ಗಾಲಿಗುರು:
ಗೀರು ಇರಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ಟೆನ್ಷನ್ ಸಮವಾಗಿದ್ದಿದ್ದರೆ ಅದೇ ಗೀರಿನಲ್ಲೂ ಇನ್ನಷ್ಟು ದೂರ ಓಡುತ್ತಿತ್ತು. ಅಷ್ಟನ್ನಾದರೂ ಒಪ್ಪಿ.

ನಾಲೆದಾರಿ:
ಜಾಕಿ ವೀಲ್ ಒಳಕ್ಕೆ ವಾಲಿದೆ. ಎಲ್ ಸ್ಕ್ರೂ ತಿರುಗಿಸಿದೆ. ಈಗ ಒಂದು ಕಡ್ಡಿ ಮತ್ತೆ ಹೋಗಿದೆ, ಸ್ಪೇರ್ ಖಾಲಿ. ಮುಂದಿನ ಊರು ದೂರ ಇದೆ. ಹಾಗೇ ಓಡಿಸಬಹುದಾ? ಎಷ್ಟು ಕಡ್ಡಿ ತರಿಸಲಿ?

ಮಣ್ಣುದಾರಿ:
32 ತೂತಿನ ಗಾಲಿಯಲ್ಲಿ ಬಲಗಡೆ ಹೊರಮೈಯದ್ದು 8. ಗೀರು ಕಾಣಲಿ ಬಿಡಲಿ, ಆ 8 ಒಟ್ಟಿಗೇ ಬದಲಿಸಿ. ಒಂದೊಂದಾಗಿ ಹಾಕುತ್ತಾ ಕೂತರೆ ಕ್ಯಾಸೆಟ್ ಬಿಚ್ಚುವುದೇ ಕೆಲಸವಾಗುತ್ತದೆ. ಚೀಲಕ್ಕೆ ಇನ್ನೆರಡು ಜಾಸ್ತಿ ತರಿಸಿ.

ಸದ್ಯಕ್ಕೆ ಮುರಿದ ಕಡ್ಡಿಯನ್ನು ಪಕ್ಕದ್ದಕ್ಕೆ ಸುತ್ತಿ ಕಟ್ಟಿ. ಬಲಗಡೆಯದ್ದು ಹೋದಾಗ ರಿಮ್ ಆ ಜಾಗದಲ್ಲಿ ಎಡಕ್ಕೆ ವಾಲುತ್ತದೆ. ಅದರ ಅಕ್ಕಪಕ್ಕ ಇರುವ ಎಡಗಡೆಯ ಎರಡು ಕಡ್ಡಿಗಳನ್ನು ಅರ್ಧ ಅರ್ಧ ಸುತ್ತು ಸಡಿಲ ಮಾಡಿ. ಪೂರ್ತಿ ನೇರ ಆಗುವುದಿಲ್ಲ, ಫ್ರೇಮ್‌ಗೆ ತಾಗದಿದ್ದರೆ ಸಾಕು. ಡಿಸ್ಕ್ ಇರುವುದರಿಂದ ಬ್ರೇಕ್ ಚಿಂತೆ ಇಲ್ಲ. ಭಾರವಾದದ್ದನ್ನು ಮುಂದಿನ ಚೀಲಕ್ಕೆ ಹಾಕಿ, ಗುಂಡಿ ಬಂದರೆ ಸೀಟಿನಿಂದ ಏಳಿ.

ನಾಲೆದಾರಿ:
ಮುಂದೆ ಚೀಲ ಇಲ್ಲ.

ಹಗುರಸವಾರಿ:
ನಾನು ಏನೂ ಹೇಳುವುದಿಲ್ಲ.

ನಾಲೆದಾರಿ:
ಕಡ್ಡಿಯ ಉದ್ದ ಎಷ್ಟು ಅಂತ ಹೇಳಿ ತರಿಸಲಿ? ತರಿಸಿಕೊಡುವವರು ಹಬ್ ಯಾವುದು, ರಿಮ್ ಯಾವುದು ಅಂತ ಕೇಳುತ್ತಿದ್ದಾರೆ. ರಿಮ್ ಮೇಲಿನ ಸ್ಟಿಕ್ಕರ್ ಹೋಗಿದೆ.

ಗಾಲಿಗುರು:
ಮುರಿದ ಕಡ್ಡಿಯ ಎರಡೂ ತುಂಡು ಜೋಡಿಸಿ ಅಳೆಯಿರಿ. ಬಾಗಿನ ಒಳಮೂಲೆಯಿಂದ ತಿರುಪಿನ ತುದಿಯವರೆಗೆ, ಮಿ.ಮೀ. ಲೆಕ್ಕದಲ್ಲಿ. ತಲೆ ಸೇರಿಸಬೇಡಿ. ಬಲಗಡೆಯದ್ದನ್ನೇ ಅಳೆಯಿರಿ. ಹಿಂದಿನ ಗಾಲಿಯಲ್ಲಿ ಎಡಬಲಕ್ಕೆ ಉದ್ದ ಬೇರೆ ಇರುತ್ತದೆ, ಎಡಗಡೆಯದ್ದು ಅಳೆದು ತರಿಸಿದರೆ ನಿಪ್ಪಲ್‌ನಿಂದ ಆಚೆ ಬರುತ್ತದೆ. ಹಾಕಿದ ಮೇಲೆ ಪಕ್ಕಪಕ್ಕದ ಸಮಾನಾಂತರ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಕೈಯಲ್ಲಿ ಬಲವಾಗಿ ಹಿಂಡಿ, ಗಾಲಿ ಸುತ್ತಲೂ. ಬಾಗು ಫ್ಲೇಂಜ್‌ಗೆ ಕೂರಬೇಕು. ಆಮೇಲೆ ಮತ್ತೊಮ್ಮೆ ಬೆಂಡ್ ತೆಗೆಯಿರಿ. ಟೆನ್ಷನ್ ಎಷ್ಟು ಬಂತು ಅಂತ ಇಲ್ಲಿ ಹಾಕಿ.

ಉಕ್ಕಿನಕುದುರೆ:
ಮೀಟರ್ ಇಲ್ಲ ಅಂತ ಅವರು ಆಗಲೇ ಹೇಳಿದರಲ್ಲ.