ಪದಚರ್ಚೆ: ಬೋರ್ಡಿಗೆ ‘ನೈಸ್’ ಅಂತಲೇ ಬರೆಯೋದಾ?

ಗೆಳೆಯರೇ,

ಪಾಂಡವಪುರದ ಕಡೆ ಕೆಲಸ ನಿಂತಿರುವ ಒಂದು ಕಲ್ಲುಕ್ವಾರಿ ಇದೆ. ಅಲ್ಲಿನ ಕಲ್ಲಿನ ಬಗ್ಗೆ ಬಂದಿರುವ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಶಾಲೆ ಮಕ್ಕಳಿಗೆಂದು ಕ್ವಾರಿ ಹತ್ತಿರ ಒಂದು ಬೋರ್ಡು. ಸೋಮವಾರ ಪೇಂಟರ್ ಬರುತ್ತಾರೆ, ಅಷ್ಟರೊಳಗೆ ಎರಡು ಪದ ಬೇಕು.

ಮೊದಲನೆಯದು ನೈಸ್ (gneiss). ಬೂದು ಕಲ್ಲು, ಬಿಳಿ ಕಪ್ಪು ಪಟ್ಟೆ. ಬಿಳಿಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಎಂಬ ಖನಿಜಗಳು, ಕಪ್ಪಿನಲ್ಲಿ ಕಾಗೆಬಂಗಾರ. ‘ನೈಸ್’ ಅಂತ ಬರೆದರೆ ಮಕ್ಕಳು ನುಣ್ಣನೆ ಕಲ್ಲು ಅಂದುಕೊಳ್ಳುತ್ತಾರೆ. ಮುಟ್ಟಿದರೆ ಕೈ ತರಚುತ್ತದೆ!

ಇನ್ನೊಂದು ಡೈಮೆನ್ಷನ್ ಸ್ಟೋನ್, ಅಂದರೆ ಅಳತೆಗೆ ಕೊಯ್ದು ತೆಗೆಯುವ ದೊಡ್ಡ ಕಲ್ಲು. ಈ ಕಲ್ಲು ಗೋಡೆಗೆ, ಜಲ್ಲಿಗೆ ಆಗುತ್ತದೆ, ಆದರೆ ಬಿರುಕುಗಳು ಒತ್ತೊತ್ತಾಗಿರುವುದರಿಂದ ಡೈಮೆನ್ಷನ್ ಸ್ಟೋನ್ ಆಗುವುದಿಲ್ಲ ಎಂದು ವರದಿ ಹೇಳುತ್ತದೆ. ‘ಅಳತೆಗಲ್ಲು’ ಅಂದರೆ ಮೈಲಿಗಲ್ಲಿನ ಥರ ಕೇಳುತ್ತದೆ, ಅಲ್ವಾ?

(ಸರಸ್ವತಿಪುರಂ, ಮೈಸೂರು)

---

ಇದಕ್ಕೆ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಕಿಡಿಗಲ್ಲು. ‘ನೈಸ್’ ಜರ್ಮನ್ ಪದ. ‘ಕಿಡಿ’ ಎಂಬ ಅರ್ಥದ ಹಳೆಯ ಪದವೇ ಅದರ ಬೇರು ಎನ್ನುತ್ತಾರೆ, ಕಲ್ಲು ಮಿನುಗುತ್ತದಲ್ಲ. ಅವರು ತಮ್ಮ ನುಡಿಯಲ್ಲಿ ಕಟ್ಟಿಕೊಂಡರು, ನಾವೂ ಕಟ್ಟಿಕೊಳ್ಳೋಣ. ಎರಡನೆಯದಕ್ಕೆ ದಿಮ್ಮಿಗಲ್ಲು. ಎಲ್ಲೂ ‘ಶಿಲೆ’ ಸೇರಿಸಬೇಡಿ, ಕಲ್ಲು ಸತ್ತಿಲ್ಲ.

(ಕುವೆಂಪುನಗರ)

---

ಕಿಡಿಗಲ್ಲು ಬೇಡವೇ ಬೇಡ. ಓದಿದವರು ಚಕಮಕಿ ಕಲ್ಲು ಅಂದುಕೊಳ್ಳುತ್ತಾರೆ. ಪಟ್ಟೆಗಲ್ಲು ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದೂ ಸಾಲದು. ಸಂಡೂರಿನ ಕಬ್ಬಿಣದ ಕಲ್ಲಿಗೂ ಪಟ್ಟೆ ಇದೆ. ನೈಸಿನ ಪಟ್ಟೆ ಕೆಸರು ಕೂತು ಆದ ಪದರ ಅಲ್ಲ. ನೆಲದಾಳದ ಕಾವಿಗೆ, ಒತ್ತಡಕ್ಕೆ ಖನಿಜಗಳು ಬೇರೆಯಾಗಿ ಸಾಲುಗಟ್ಟಿದ್ದು. ಅದಕ್ಕೇ ಕಲ್ಲುಕುಟಿಗರಿಗೆ ಪಟ್ಟೆಯ ಉದ್ದಕ್ಕೆ ಸಲೀಸಾಗಿ ಸೀಳುತ್ತದೆ, ಅಡ್ಡಕ್ಕೆ ಹಠ ಹಿಡಿಯುತ್ತದೆ. ಕಾಗೆಬಂಗಾರ ಜಾಸ್ತಿ ಇರುವ ಪಟ್ಟೆ ಮೊದಲು ಸವೆಯುತ್ತದೆ. ಗೋಡೆ ಕಟ್ಟುವಾಗ ಪಟ್ಟೆ ಮಲಗಿರುವಂತೆ ಇಡಬೇಕು. ನಿಲ್ಲಿಸಿದರೆ ಮುಖದ ಪದರ ಕಳಚುವ ಭಯ. ಇದನ್ನು ಬೋರ್ಡಿನಲ್ಲಿ ಬರೆಯಿರಿ, ಹೆಸರಿಗಿಂತ ಉಪಯೋಗಕ್ಕೆ ಬರುತ್ತದೆ.

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ 1916ರ ಹೊತ್ತಿಗೆ ‘ಪೆನಿನ್ಸುಲಾರ್ ನೈಸ್’ ಎಂದು ಕರೆದದ್ದು ನಮ್ಮ ಸೀಮೆಯ ಈ ಕಲ್ಲನ್ನೇ. ಲಾಲ್‌ಬಾಗಿನ ಬಂಡೆಯೂ ಅದೇ, ಸುಮಾರು 300 ಕೋಟಿ ವರ್ಷದ್ದು. ಹೆಸರು ಬದಲಿಸಿದರೆ ಮಗು ಮುಂದೆ ಪುಸ್ತಕದಲ್ಲಿ ಹುಡುಕೋದು ಹೇಗೆ? ನುಣುಪಿನ ಗೊಂದಲ ಬೇಡ ಅಂದರೆ ‘ಗ್ನೈಸ್’ ಬರೆಯಿರಿ. ಗಕಾರ ನುಂಗುವುದು ಇಂಗ್ಲಿಷಿನವರು. ಜರ್ಮನರು ನುಂಗುವುದಿಲ್ಲ.

(ಭೂವಿಜ್ಞಾನದ ನಿವೃತ್ತ ಮೇಷ್ಟ್ರು, ಮೈಸೂರು)

---

ಪದದ ಮೊದಲಲ್ಲೇ ‘ಗ್ನ’ ಇರುವ ಒಂದು ಕನ್ನಡ ಪದ ತೋರಿಸಿ, ಆಮೇಲೆ ಮಾತಾಡೋಣ.

(ಕುವೆಂಪುನಗರ)

---

‘ಪ್ರಶ್ನೆ’ಯ ಮೊದಲಲ್ಲಿ ‘ಪ್ರ’ ಇದೆ. ಪ್ರಶ್ನೆ ಕೇಳುವುದು ಬಿಟ್ಟಿದ್ದೀರಾ?

(ಮೇಷ್ಟ್ರು)

---

ನಾನು ‘ಕೇಳ್ವಿ’ ಅಂತಲೇ ಬರೆಯುತ್ತೇನೆ. ಹಳೆಯ ಮೇಲ್ ನೋಡಿ.

(ಕುವೆಂಪುನಗರ)

---

ಸ್ವಾಮಿ, ಇಬ್ಬರೂ ಒಂದು ಸಲ ಕ್ವಾರಿಗೆ ಬನ್ನಿ. ಇಲ್ಲಿ ಇದು ಬಿಳಿಕಲ್ಲು. ಅದರ ಮಧ್ಯೆ ಗೋಡೆ ಥರ ನುಗ್ಗಿರುವುದು ಕರಿಕಲ್ಲು. ಮುಗಿಯಿತು.

ಡೈಮೆನ್ಷನ್ ಸ್ಟೋನನ್ನು ದಯವಿಟ್ಟು ಸೈಜುಗಲ್ಲು ಅಂತ ಬರೆಯಬೇಡಿ, ಯಾರಾದರೂ ಸುಮ್ನೆ ಹಾಗೆ ಮಾಡಿಬಿಡುತ್ತಾರೆ. ಸೈಜುಗಲ್ಲು ಅಂದರೆ ಸುತ್ತಿಗೆಯಲ್ಲಿ ಒಡೆದು ಮಟ್ಟ ಮಾಡಿದ ಗೋಡೆ ಕಲ್ಲು. ವರದಿಯಲ್ಲಿರುವುದು ವಜ್ರದ ವೈರಿನಲ್ಲಿ ಕೊಯ್ದು ತೆಗೆಯುವ ದೊಡ್ಡ ಬ್ಲಾಕು. ಫ್ಯಾಕ್ಟರಿಯಲ್ಲಿ ಅದನ್ನು ಸೀಳಿ ಪಾಲಿಶ್ ಮಾಡುತ್ತಾರೆ. ಮದ್ದಿಟ್ಟು ಸಿಡಿಸಿದ ಕಡೆ ಅದು ಸಿಗುವುದಿಲ್ಲ, ಕಣ್ಣಿಗೆ ಕಾಣದ ಸೀಳು ಒಳಗೇ ಉಳಿಯುತ್ತದೆ. ಸರ್ಕಾರಿ ಕಾಗದದಲ್ಲಿ ಅದು ‘ಅಲಂಕಾರಿಕ ಶಿಲೆ’, ಗೋಡೆ ಜಲ್ಲಿಯದು ‘ಕಟ್ಟಡ ಕಲ್ಲು’. ಅಂಗಡಿಯವರಿಗಂತೂ ಪಾಲಿಶ್ ಹಿಡಿದ ಗಟ್ಟಿ ಕಲ್ಲೆಲ್ಲ ಗ್ರಾನೈಟ್. ಎಷ್ಟೋ ಮನೆಗಳ ಅಡುಗೆ ಕಟ್ಟೆ ಮೇಲೆ ನಿಮ್ಮ ನೈಸೇ ಆ ಹೆಸರಲ್ಲಿ ಕೂತಿದೆ.

(ಮಂಡ್ಯ)

---

ಕ್ವಾರಿ, ಬ್ಲಾಕು, ಸೈಜು, ವೈರು, ಫ್ಯಾಕ್ಟರಿ. ಭೇಷ್. ಕನ್ನಡದ ಪಾಲಿಗೆ ಉಳಿದದ್ದು ಜಲ್ಲಿ.

(ಕುವೆಂಪುನಗರ)

---

ಎಲ್ಲರಿಗೂ ಥ್ಯಾಂಕ್ಸ್ (ಬೈಯಬೇಡಿ). ಬೋರ್ಡಿಗೆ ‘ಗ್ನೈಸ್’ ದೊಡ್ಡಕ್ಷರದಲ್ಲಿ, ಕೆಳಗೆ ‘ಪಟ್ಟೆ ಪಟ್ಟೆ ಬಿಳಿಕಲ್ಲು’. ಪಟ್ಟೆ ಮಲಗಿಸಿ ಕಟ್ಟುವ ಮಾತೂ ಸೇರಿಸಿದ್ದೇನೆ. ವರದಿಗೆ ‘ಬ್ಲಾಕ್ ಕಲ್ಲು’ ಬರೆದು ನೋಡಿದೆ, ಓದಿದವರು ಕರಿಕಲ್ಲಾ ಅಂತ ಕೇಳಿದರು. ಹಾಗಾಗಿ ದಿಮ್ಮಿಗಲ್ಲು ಗೆದ್ದಿದೆ.

ವರದಿಯಲ್ಲಿ ಪೆಗ್ಮಟೈಟ್ (ದೊಡ್ಡ ಹರಳುಗಳ ಕಲ್ಲು) ಅಂತಲೂ ಒಂದಿದೆ. ಅದನ್ನು ಹಾಗೇ ಬಿಡುತ್ತೇನೆ, ಯಾರೂ ಪದ ಕಟ್ಟಬೇಡಿ.

(ಸರಸ್ವತಿಪುರಂ)